ಮಾತು ನಿಲ್ಲಿಸಿದ ಬಾಲ

ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ. ನಿಮ್ಮ ಜೊತೆ ಮಾತಾಡುತ್ತಿರುವವನು ಸಾಮಾನ್ಯ ಮನುಷ್ಯನಲ್ಲ. ಹೆಸರು ಕ್ಲೆಮ್ ವೋಯ್ಟ್. ವೃತ್ತಿ, ವಿಮಾನಗಳ ರೇಡಿಯೊ ರಿಪೇರಿ. ಹವ್ಯಾಸ, ಪಾಪಿಗಳ ಕಥೆ ಮುಗಿಸುವುದು. ವಿಸ್ಕಾನ್ಸಿನ್ ಪೊಲೀಸರು ತಲೆ ಕೆರೆದುಕೊಂಡು ಕೂತಿದ್ದ ಕೊಲೆಯನ್ನು ನಾನೊಬ್ಬನೇ, ಅಂಗೈಯಗಲದ ಒಂದು ಮೀಟರ್ ಹಿಡಿದು ಪತ್ತೆ ಮಾಡಿದೆ. ಕೊಲೆಗಾರನನ್ನು ಒಂದೇ ಏಟಿಗೆ ಕೆಡವಿದೆ. ಕೆಡವುವಾಗ ಗಾಳಿ ಬೀಸುತ್ತಿತ್ತು, ಕೂದಲು ಹಾರುತ್ತಿತ್ತು. ಹಿನ್ನೆಲೆ ಸಂಗೀತ ಮಾತ್ರ ಇರಲಿಲ್ಲ. ಅದನ್ನು ನೀವೇ ಹಾಕಿಕೊಳ್ಳಿ.

ಶನಿವಾರ ಬೆಳಿಗ್ಗೆ. ನಮ್ಮ ಟೆಸ್ಮರ್ ಏರ್‌ಫೀಲ್ಡ್‌ನಲ್ಲಿ ಪ್ಯಾನ್‌ಕೇಕ್ ತಿಂಡಿ. ಸುತ್ತಲಿನ ಊರುಗಳಿಂದ ಪುಟ್ಟ ವಿಮಾನಗಳು ಸಾಲಾಗಿ ಇಳಿಯುತ್ತಿದ್ದವು. ಮಾವಿಸ್ ಸ್ಕಾರ್ ಗಂಡನಿಗೆಂದು ತಟ್ಟೆ ತುಂಬಿಸಿಕೊಂಡು ಅವನ ಶೆಡ್ಡಿಗೆ ಹೋದಳು.

ಕಿರುಚಿದಳು.

ಮೊದಲು ಓಡಿದವನು ನಾನು. ಆರ್ಲೊ ಸ್ಕಾರ್ ತನ್ನ ವಿಮಾನದ ಬಾಲದ ಕೆಳಗೆ ಮಗ್ಗುಲಾಗಿ ಬಿದ್ದಿದ್ದ. ತಲೆಯ ಹಿಂಭಾಗ ಒಳಕ್ಕೆ ಕುಸಿದಿತ್ತು. ಬಲಗೈ ಬೆರಳುಗಳು ಹಿಂದಕ್ಕೆ ಮುರಿದಿದ್ದವು. ಪಾಪ, ತಡೆಯಲು ಕೈ ಎತ್ತಿದ್ದ. ಪಕ್ಕದಲ್ಲಿ ಅಂಟಿನ ಡಬ್ಬಿ ಉರುಳಿತ್ತು. ರಕ್ತ, ಅಂಟು ಎರಡೂ ಬೆರೆತು ಅವನ ಕೆನ್ನೆಯನ್ನು ಸಿಮೆಂಟಿಗೆ ಕಚ್ಚಿಸಿಬಿಟ್ಟಿದ್ದವು. ಹೆಣ ಎತ್ತಲು ಬಂದವರು ಉಳಿ ಕೇಳಿದರು. ನಾನು ಹೊರಗೆ ಹೋಗಿ ತಿಂದದ್ದನ್ನೆಲ್ಲ ಕಕ್ಕಿದೆ.

ಹೊಡೆದ ಆಯುಧ ಎಲ್ಲೂ ಇರಲಿಲ್ಲ.

* * *

ಡಿಟೆಕ್ಟಿವ್ ರೋಂಡಾ ಕ್ಲೂಗಿ ಬಂದಳು. ಎತ್ತರದ ಹೆಂಗಸು. ನಗುವ ಅಭ್ಯಾಸವಿಲ್ಲ.

"ಕ್ಲೆಮ್ ವೋಯ್ಟ್ ಅಂದ್ರೆ ನೀನೇನಾ?"

"ಆ ಹೆಸರು ಕೇಳಿದ್ರೆ ಮೇಡಂ, ದೊಡ್ಡ ದೊಡ್ಡೋರೇ..."

"ಸಿನಿಮಾ ಆಮೇಲೆ. ನಿನ್ನೆ ಸಾಯಂಕಾಲ ರೇಡಿಯೊದಲ್ಲಿ, 'ಆರ್ಲೊ ಸ್ಕಾರ್, ನಾಳೆ ಹುಟ್ಟೋ ಸೂರ್ಯ ನಿನ್ನ ಮುಖ ನೋಡಲ್ಲ' ಅಂದಿದ್ದು ಯಾರು?"



"ಅದು... ಆಂಟೆನಾ ಟೆಸ್ಟು ಮೇಡಂ."

"ಆಂಟೆನಾ ಟೆಸ್ಟಿಗೆ ಒಂದು, ಎರಡು, ಮೂರು ಅಂತಾರೆ."

"ಒಂದು ಎರಡು ಮೂರಕ್ಕೆ ಯಾರ್ ಮೇಡಂ ಶಿಳ್ಳೆ ಹೊಡೀತಾರೆ?"

ಅವಳ ಮುಖದ ಒಂದು ಗೆರೆಯೂ ಅಲುಗಲಿಲ್ಲ.

ನಡೆದದ್ದು ಇಷ್ಟೇ. ನಮ್ಮ ಏರ್‌ಫೀಲ್ಡ್‌ನಲ್ಲಿ ಎಲ್ಲರೂ ಡಬ್ಬಿಯಲ್ಲಿ ಬಿಡಿಭಾಗ ತರಿಸಿ, ವರ್ಷಗಟ್ಟಲೆ ಕೂತು ತಾವೇ ವಿಮಾನ ಕಟ್ಟುವವರು. ಅವರಲ್ಲಿ ಎರಡು ಜಾತಿ. ಅಲ್ಯೂಮಿನಿಯಂ ತಗಡಿಗೆ ರಿವೆಟ್ ಮೊಳೆ ಹೊಡೆದು ಕಟ್ಟುವ ತಗಡಿನವರು. ಗಾಜಿನ ನಾರಿನ ಬಟ್ಟೆಯನ್ನು ಅಂಟಿನಲ್ಲಿ ಅದ್ದಿ ಕಟ್ಟುವ ಗ್ಲಾಸಿನವರು. ಇವರು ಅವರದ್ದನ್ನು ಬಿಯರ್ ಡಬ್ಬ ಅನ್ನುತ್ತಾರೆ. ಅವರು ಇವರದ್ದನ್ನು ಸ್ನಾನದ ತೊಟ್ಟಿ ಅನ್ನುತ್ತಾರೆ. ಆರ್ಲೊ ಗ್ಲಾಸಿನವನು. ಶುಕ್ರವಾರ ನಾವಿಬ್ಬರೂ ಅವನ ವಿಮಾನದ ನೆಟ್ಟಗಿನ ಬಾಲದ ಒಳಗೆ ಆಂಟೆನಾ ಕೂರಿಸಿದ್ದೆವು. ಎರಡು ತಾಮ್ರದ ಪಟ್ಟಿ, ಒಂದು ಮೇಲಕ್ಕೆ, ಒಂದು ಕೆಳಕ್ಕೆ, ನಡುವೆ ಸಣ್ಣ ಸಂದು. ವಾಪಸ್ ಬರುವ ಶಕ್ತಿ ಅಳೆಯುವ ಮೀಟರ್ ಹಚ್ಚಿದೆ. ಮುಳ್ಳು ತುಸುವೇ ಎದ್ದು ನಿಂತಿತು. ಅಂದರೆ ಕಳಿಸಿದ ಶಕ್ತಿ ಹೊರಗೆ ಹೋಗುತ್ತಿದೆ. ಕೈಯಲ್ಲಿ ಹಿಡಿಯುವ ರೇಡಿಯೊ ಜೋಡಿಸಿ ಆ ಡೈಲಾಗ್ ಬಿಟ್ಟೆ. ಕ್ಯಾಂಟೀನಿನ ಸ್ಪೀಕರಿನಲ್ಲಿ ಕೇಳಿ ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಆರ್ಲೊ.

"ವಿಮಾನದ ತುಂಬಾ ನಿನ್ನ ಬೆರಳಚ್ಚಿದೆ. ಬೆದರಿಕೆ ನಿಂದು," ಎಂದಳು ಕ್ಲೂಗಿ. "ಊರು ಬಿಟ್ಟು ಅಲ್ಲಾಡ್ಬೇಡ. ಸೋಮವಾರ ಫೈಲು ಸರ್ಕಾರಿ ವಕೀಲರ ಹತ್ರ ಹೋಗತ್ತೆ."

"ಅಂದ್ರೆ?"

"ಈ ರಾಜ್ಯದಲ್ಲಿ ಗಲ್ಲು ಇಲ್ಲ. ಸಾಯೋ ತನಕ ಒಳಗೆ."

* * *

ಪೊಲೀಸರು ಒಂದು ಶೆಡ್ಡೂ ಬಿಡಲಿಲ್ಲ. ಪ್ರತಿ ಕಾರಿನ ಡಿಕ್ಕಿ ತೆಗೆಸಿದರು. ಗೇಟಿನಲ್ಲಿ ಎಲ್ಲರ ಜೇಬು ತಡಕಿದರು. ಸಿಕ್ಕಿದ್ದು ಸೊನ್ನೆ.

ಆಗ ಲೈಲ್ ಬ್ಯೂಟ್ಕಿ ಬಾಯಿ ಬಿಟ್ಟ. ತಗಡಿನವರ ಹಿರಿಯ. ಕೈಗಳು ಸಲಿಕೆಯಷ್ಟು ಅಗಲ.

"ಮಾವಿಸ್ನೂ ಒಂದು ಮಾತು ಕೇಳಿ ಮೇಡಂ. ಆ ವಿಮಾನ ನನ್ನ ಸವತಿ, ಒಂದಿನ ಬೆಂಕಿ ಇಡ್ತೀನಿ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ಲು."

ಮಾವಿಸ್ ಅಲ್ಲೇ ಇದ್ದಳು. "ಹೇಳಿದ್ದೆ ಕಣೋ ಲೈಲ್. ಬೆಂಕಿ ಇಡೋದು ವಿಮಾನಕ್ಕೆ. ಗಂಡನಿಗಲ್ಲ."

ಅವಳು ನಸುಕಿನಿಂದ ನೂರಾರು ಜನರೆದುರು ಹಿಟ್ಟು ಹುಯ್ಯುತ್ತ ನಿಂತಿದ್ದಳು. ಆ ದಾರಿ ಅಲ್ಲಿಗೆ ಮುಚ್ಚಿತು. ಎಲ್ಲರ ಕಣ್ಣೂ ವಾಪಸ್ ನನ್ನ ಮೇಲೆ.

ಲೈಲ್ ನನ್ನ ಹೆಗಲ ಮೇಲೆ ಕೈ ಹಾಕಿದ. "ಹುಡುಗಾಟಕ್ಕೂ ಒಂದು ಮಿತಿ ಇರ್ಬೇಕಪ್ಪ," ಅಂದ.

* * *

ಭಾನುವಾರ ಮಧ್ಯಾಹ್ನ ಪೊಲೀಸರು ಶೆಡ್ಡಿನ ಬೀಗ ತೆಗೆದು ಕೀಲಿ ಮಾವಿಸ್ ಕೈಗೆ ಕೊಟ್ಟರು. ಜನ ಕ್ಯಾಂಟೀನಿನಲ್ಲಿ ಸೇರಿದ್ದರು. ಸಾವಿನ ಮನೆಗೆ ತರುವ ಹಾಗೆ ಒಬ್ಬೊಬ್ಬರೂ ಒಂದೊಂದು ಪಾತ್ರೆ ಹೊತ್ತು ತಂದಿದ್ದರು. ನಾನು ಮಾತ್ರ ಮೀಟರ್ ಹಿಡಿದು ಶೆಡ್ಡಿಗೆ ನಡೆದೆ. ವೈಜ್ಞಾನಿಕ ಮನಸ್ಸು ಕಣ್ರೀ, ಸುಮ್ಮನೆ ಕೂರುವುದಿಲ್ಲ.

ಬಾಲದ ಬುಡದಲ್ಲಿ ಇಳಿಬಿದ್ದಿದ್ದ ವೈರಿಗೆ ಮೀಟರ್ ಹಚ್ಚಿದೆ.

ಮುಳ್ಳು ಚಂಗನೆ ಹಾರಿ ಕೊನೆಗೆ ಬಡಿದು ನಿಂತಿತು. ಕಳಿಸಿದ್ದೆಲ್ಲ ವಾಪಸ್. ಶುಕ್ರವಾರ ಏರ್‌ಫೀಲ್ಡಿಗೆಲ್ಲ ಕೇಳಿಸಿದ ಆಂಟೆನಾ ಭಾನುವಾರ ಸತ್ತಿತ್ತು. ತಾಮ್ರದ ಆ ಎರಡು ಪಟ್ಟಿಗಳು ಒಂದನ್ನೊಂದು ಮುಟ್ಟಿದರೆ, ಇಲ್ಲವೇ ನಡುವಿನ ಸಂದಿಗೆ ಲೋಹ ಬಿದ್ದರೆ ಹೀಗಾಗುತ್ತದೆ. ಅವು ತಾವಾಗಿ ಮುಟ್ಟುವಂತಿರಲಿಲ್ಲ.

ಆಮೇಲೆ ಬಾಲವನ್ನೇ ನೋಡಿದೆ. ಶುಕ್ರವಾರ ಅದರ ಒಂದು ಮಗ್ಗುಲು ತೆರೆದಿತ್ತು. ಈಗ ಎರಡೂ ಮಗ್ಗುಲು ಅಂಟಿ ಕೂತಿತ್ತು, ಅಂಟು ಒಣಗುವ ತನಕ ಒತ್ತಿ ಹಿಡಿಯುವ ಕ್ಲಾಂಪು ಸುತ್ತ ಬಿಗಿದಿತ್ತು. ಆರ್ಲೊ ಸಾಯುವ ಮುಂಚೆ ತಾನೇ ಮುಚ್ಚಿದ್ದಾನೆ ಎಂದು ಎಲ್ಲರೂ ಅಂದುಕೊಂಡಿದ್ದರು. ನಾನೂ.

ನಮ್ಮಲ್ಲಿ ಯಾರೂ ಒಬ್ಬನೇ ಮುಚ್ಚುವುದಿಲ್ಲ. ರೆಕ್ಕೆಯಿರಲಿ, ಬಾಲವಿರಲಿ, ಇನ್ನೊಬ್ಬ ಕಟ್ಟುವವನು ಟಾರ್ಚು ಹಾಕಿ ಒಳಗೆ ನೋಡಿ ಸರಿ ಅನ್ನಬೇಕು. ಮುಚ್ಚಿದ ಮೇಲೆ ಒಳಗಿನ ತಪ್ಪು ಕಾಣುವುದು ಆಕಾಶದಲ್ಲೇ. ಈ ವಿಷಯದಲ್ಲಿ ಆರ್ಲೊ ಮಹಾ ಹಟಮಾರಿ.

ಹಾಗಾದರೆ ಶನಿವಾರ ಬೆಳಿಗ್ಗೆ ಒಳಗೆ ನೋಡಿದವರು ಯಾರು?

ಕ್ಲೂಗಿಗೆ ಫೋನ್ ಮಾಡಿದೆ.

* * *

ಅರ್ಧ ಗಂಟೆಯೊಳಗೆ ಶೆಡ್ಡು ತುಂಬಿತ್ತು. ಕ್ಲೂಗಿ ಬಾಗಿಲಲ್ಲಿ ನಿಂತಳು.

"ಬೇಗ ಮುಗ್ಸು."

"ಆರ್ಲೊನ ಬಾಲದೊಳಗೆ ನೋಡಿದ್ದು ಯಾರು?" ಎಂದು ಕೇಳಿದೆ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾರೂ ನೋಡಿಲ್ವಾ? ಹಾಗಾದ್ರೆ ಇದನ್ನ ಮುಚ್ಚಿದ್ದು ಆರ್ಲೊ ಅಲ್ಲ. ಅವನನ್ನ ಮುಗಿಸಿದವನು."

ಕೈಗರಗಸ ಎತ್ತಿಕೊಂಡೆ.

"ಏಯ್!" ಲೈಲ್ ಮುಂದೆ ಬಂದ. "ಸತ್ತವನು ಆರು ವರ್ಷ ಬೆವರು ಸುರಿಸಿ ಕಟ್ಟಿರೋದು ಕಣೋ ಅದು. ಕೊಯ್ಯೋಕೆ ನೀನ್ಯಾವನು?"

"ನೀನ್ಯಾಕೆ ಬೆವರ್ತಿದೀಯ ಲೈಲ್?"

"ಮಾವಿಸ್, ನೀನಾದ್ರೂ ಹೇಳೇ ಇವನಿಗೆ!"

ಮಾವಿಸ್ ನನ್ನ ಕಡೆ ನೋಡಿದಳು. "ಕೊಯ್ಯಿ," ಅಂದಳು.

ಕೊಯ್ದೆ. ಬಿಳಿ ಪುಡಿ ಹಾರಿತು. ಒಂದು ತುಂಡು ಕಿತ್ತು ಬಂತು. ಒಳಗೆ ತಾಮ್ರದ ಎರಡು ಪಟ್ಟಿಗಳ ಸಂದಿಗೆ ಅಡ್ಡಲಾಗಿ ಒಂದು ಉಕ್ಕಿನ ಗಟ್ಟಿ ಕೂತಿತ್ತು. ಮುಷ್ಟಿ ತುಂಬುವಷ್ಟು ದಪ್ಪ. ರಿವೆಟ್ ಹೊಡೆಯುವಾಗ ತಗಡಿನ ಹಿಂದೆ ಒತ್ತಿ ಹಿಡಿಯುವ ಗಟ್ಟಿ. ಅಂಟಿನೊಳಗೆ ರಕ್ತ, ನರೆಗೂದಲು. ಬದಿಯಲ್ಲಿ ಉಳಿಯಿಂದ ಕೊರೆದ ಎರಡು ಅಕ್ಷರ. ಲೈಲ್‌ನ ಎಲ್ಲ ಉಪಕರಣಗಳ ಮೇಲೂ ಇರುವ ಅಕ್ಷರ.

ಲೈಲ್ ನನ್ನ ಗಂಟಲಿಗೆ ಹಾರಿದ. ಬೆನ್ನು ನೆಲಕ್ಕೆ ಅಪ್ಪಳಿಸಿತು. ಅವನ ಹೆಬ್ಬೆರಳು ನನ್ನ ಕಂಠದ ಗುಳಿಗೆ ಇಳಿಯಿತು. ಗರಗಸ ಅವನ ತೋಳನ್ನು ಸೀಳಿತು, ಬಿಸಿ ರಕ್ತ ನನ್ನ ಬಾಯಿಗೇ ಬಿತ್ತು. ಕಣ್ಣು ಕತ್ತಲಿಟ್ಟಿತು. ಆ ಕತ್ತಲಲ್ಲೂ ನಾನು ಮುಷ್ಟಿ ಬಿಗಿದೆ. ಒಂದೇ ಏಟು. ದವಡೆ ಮುರಿದ ಸದ್ದು ಕೇಳಿಸಿತು. ಲೈಲ್ ಉರುಳಿದ.

ಕ್ಲೂಗಿ ಬೇಡಿ ಹಾಕಿದಳು. "ಇವನೇ ಅಂತ ಕೊಯ್ಯೋಕ್ ಮುಂಚೆನೇ ಗೊತ್ತಿತ್ತಾ?"

"ತಗಡಿನವನು ಅಂತ ಗೊತ್ತಿತ್ತು. ತಗಡಿನ ವಿಮಾನದಲ್ಲಿ ಆಂಟೆನಾ ಹೊರಗೆ ನಿಲ್ಬೇಕು, ಒಳಗಿಟ್ರೆ ಲೋಹ ತಡೆಯತ್ತೆ. ಅವರಿಗೆ ಬಾಲ ಅಂದ್ರೆ ಬರೀ ಪೊಳ್ಳು. ಗ್ಲಾಸಿನವನು ಸತ್ರೂ ಅಲ್ಲಿ ಕಬ್ಬಿಣ ಇಡಲ್ಲ."

ಲೈಲ್ ರಕ್ತ ಉಗಿದ. ಮುರಿದ ದವಡೆಯಲ್ಲೇ ತೊದಲಿದ. "ತಾಮ್ರದ ಪಟ್ಟಿನಾ ಆಂಟೆನಾ ಅಂತ ಯಾವನಿಗ್ ಗೊತ್ತು? ಆಂಟೆನಾ ಅಂದ್ರೆ ಹೊರಗೆ ಕಾಣ್ಬೇಕು!"

ಉಳಿದದ್ದೂ ಬಿಟ್ಟುಬಿಟ್ಟು ಹೊರಬಂತು. ಹೋದ ತಿಂಗಳು ಲೈಲ್‌ನ ರೆಕ್ಕೆಯೊಳಗೆ ಟಾರ್ಚು ಹಾಕಿದವನು ಆರ್ಲೊ. ರಿವೆಟ್‌ಗಳು ಸೊಟ್ಟಗಿವೆ, ಎಲ್ಲ ಬಿಚ್ಚಿ ಮತ್ತೆ ಹೊಡಿ ಎಂದಿದ್ದ. ಒಂಬತ್ತು ವರ್ಷದ ಕೆಲಸ. ಲೈಲ್ ಬಿಚ್ಚದೆ ಮುಚ್ಚಿಬಿಟ್ಟ. ಶನಿವಾರ ತನ್ನ ಬಾಲ ನೋಡಲು ಆರ್ಲೊ ಅವನನ್ನೇ ಕರೆದಿದ್ದ. ಆಗಲೇ ಹೇಳಿದ, ನೀನು ಬಿಚ್ಚದಿದ್ದರೆ ಪರವಾನಗಿ ಕೊಡುವವರಿಗೆ ನಾನೇ ಹೇಳುತ್ತೇನೆ, ನಿನ್ನ ಹೆಣ ಹೊಲದಲ್ಲಿ ಆರಿಸಲು ನನ್ನಿಂದಾಗದು ಅಂತ. ಕೆಲಸದಿಂದ ಎದ್ದು ಬಂದಿದ್ದ ಲೈಲ್‌ನ ಏಪ್ರನ್ ಜೇಬಿನಲ್ಲಿ ಗಟ್ಟಿ ಇತ್ತು. ಹೊಡೆದ. ಆರ್ಲೊ ಬಿದ್ದ ಮೇಲೂ ಹೊಡೆದ. ಹೊರಗೆ ತಿಂಡಿಗೆ ಬಂದವರ ಸದ್ದು. ಗಟ್ಟಿ ಹಿಡಿದು ಹೊರಬೀಳುವಂತಿಲ್ಲ. ಅಂಟು ಕಲಸಿ ಸಿದ್ಧವಿತ್ತು, ಬಾಲ ಬಾಯಿ ತೆರೆದಿತ್ತು. ರಕ್ತವಾದ ಏಪ್ರನ್ನನ್ನು ಕ್ಯಾಂಟೀನಿನ ಒಲೆಗೆ ಹಾಕಿ, ಕೈ ತೊಳೆದು, ತಟ್ಟೆ ಹಿಡಿದು ಸಾಲಿನಲ್ಲಿ ನಿಂತ. ಅವನ ತಟ್ಟೆಗೆ ಹಾಕಿದವಳು ಮಾವಿಸ್.

* * *

ಈಗ ಬಾಗಿಲು ಹಾಕಿಕೊಳ್ಳಿ. ನಿಜ ಹೇಳುತ್ತೇನೆ.

ಲೈಲ್‌ನ ದವಡೆ ಮುರಿದದ್ದು ನಾನಲ್ಲ. ನಾನು ಅವನ ಕೈ ಕೆಳಗೆ ಚಡ್ಡಿ ಒದ್ದೆ ಮಾಡಿಕೊಂಡು ಬಿದ್ದಿದ್ದೆ. ಬಾಲಕ್ಕೆ ಬಿಗಿದಿದ್ದ ಕಬ್ಬಿಣದ ಕ್ಲಾಂಪು ಕಿತ್ತು ಬೀಸಿದವಳು ಮಾವಿಸ್. ಎರಡನೇ ಏಟಿಗೆ ಎತ್ತಿದ ಅವಳ ಕೈಯನ್ನು ಕ್ಲೂಗಿ ಹಿಡಿದುಕೊಂಡಳು.

ಭಾನುವಾರ ನಾನು ಶೆಡ್ಡಿಗೆ ಹೋದದ್ದು ಮೀಟರ್ ನೋಡಲೂ ಅಲ್ಲ. ಆರ್ಲೊನ ದನಿ ನನಗೆ ಚೆನ್ನಾಗಿ ಬರುತ್ತಿತ್ತು, ಆ ಗೊಗ್ಗರು, ಪ್ರತಿ ಮಾತಿಗೂ ಮುಂಚಿನ ಆ ಕೆಮ್ಮು. ಸತ್ತವನು ಮಾತಾಡಿದರೆ ಕೊಲೆಗಾರ ನಡುಗಿ ಒಪ್ಪಿಕೊಳ್ಳುತ್ತಾನೆ, ನಾನು ಉಳಿಯುತ್ತೇನೆ ಅಂದುಕೊಂಡಿದ್ದೆ. ಸಿನಿಮಾದಲ್ಲಿ ಹಾಗೇ ಆಗುತ್ತದೆ. ರೇಡಿಯೊ ಜೋಡಿಸಿ ಕೆಮ್ಮಿದೆ. "ನಾನು ಆರ್ಲೊ. ತಣ್ಣಗಿದೆ ಇಲ್ಲಿ. ನನ್ನ ಹೊಡೆದವನು ನಿಮ್ಮ ಮಧ್ಯೆನೇ ಕೂತು ಉಣ್ತಿದಾನೆ," ಅಂದೆ. ಇನ್ನೂ ಏನೇನೋ ಅಂದೆ. ನನ್ನ ಜೀವಮಾನದ ಶ್ರೇಷ್ಠ ಅಭಿನಯ.

ಓಡಿಹೋಗಿ ಕ್ಯಾಂಟೀನಿನ ಕಿಟಕಿಯಲ್ಲಿ ಇಣುಕಿದೆ. ಯಾರೂ ನಡುಗುತ್ತಿರಲಿಲ್ಲ. ಯಾರಿಗೂ ಏನೂ ಕೇಳಿಸಿರಲಿಲ್ಲ. ಎಲ್ಲರೂ ಆಲೂಗಡ್ಡೆ ತಿನ್ನುತ್ತಿದ್ದರು. ವಾಪಸ್ ಬಂದು ಬೈದುಕೊಳ್ಳುತ್ತ ಮೀಟರ್ ಹಚ್ಚಿದ್ದು ಆಮೇಲೆ.

ಆ ಕಿಟಕಿಯಲ್ಲಿ ಇನ್ನೊಂದನ್ನೂ ಕಂಡೆ. ಮಾವಿಸ್ ರೇಡಿಯೊ ಸ್ಪೀಕರಿನ ಕೆಳಗಿನ ಕುರ್ಚಿಯಲ್ಲಿ ಕೂತಿದ್ದಳು. ತೊಡೆಯ ಮೇಲೆ ಆರ್ಲೊನ ಟೊಪ್ಪಿ. ಸ್ಪೀಕರ್ ಬರೀ ಗೊರಗೊರ ಅನ್ನುತ್ತಿತ್ತು. ಅವಳು ತಲೆ ಎತ್ತಿ ಅದನ್ನೇ ನೋಡುತ್ತಿದ್ದಳು.

ಆಂಟೆನಾ ಸರಿಯಿದ್ದಿದ್ದರೆ ಗಂಡನ ಆ ಕೆಮ್ಮು ಅವಳಿಗೆ ಕೇಳಿಸುತ್ತಿತ್ತು.