ಮೊದಲ ತುತ್ತು

ಹೊಸ ಗಾಜಿನ ತೊಟ್ಟಿಗೆ ಮೀನು ಬಿಡುವ ಮೊದಲು ನಾಲ್ಕು ವಾರ ಬರೀ ನೀರನ್ನೇ ಸಾಕಬೇಕು. ದಿನಕ್ಕೊಂದು ಚಿಟಿಕೆ ಆಹಾರ ಹಾಕಿದರೆ ಅದು ಕೊಳೆತು, ಮೀನನ್ನು ಕಾಯುವ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ನಮ್ಮ ವೆಸ್ಟ್ ಮಾಂಬಲಂ ಮನೆಯಲ್ಲಿ ನಾನು ಹಾಗೆ ಹಾಕುವಾಗ, ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು ಕಾಫಿಗೆ ರಸ್ಕ್ ಅದ್ದುತ್ತಿದ್ದ ಅಜ್ಜಿ ಉಂಗುರದ ಬೆರಳಿಂದ ಗಾಜು ಕುಟ್ಟಿ ನಗುತ್ತಿದ್ದರು.

“ಇಲ್ಲದ ಮೀನಿಗೆ ಊಟ ಹಾಕ್ತೀಯಲ್ಲೇ, ಹುಚ್ಚಿ! ಬಂದ ದಿನ ಮೊದಲ ತುತ್ತು ನಂದು ಕಣೇ.”

ಮೂರನೇ ವಾರ ಅಜ್ಜಿ ತೀರಿಕೊಂಡರು. ಅಮ್ಮ ದಿನಾ ನಾಲ್ಕು ಗಂಟೆಗೆ ಅವರ ಫೋಟೋದ ಮುಂದೆ ಕಾಫಿ ಇಡತೊಡಗಿದಳು. ಆ ಹೊತ್ತಿಗೆ ತೊಟ್ಟಿಯ ಗಾಜು, ಕುರ್ಚಿಯ ಕಡೆ ಮಾತ್ರ, ಕಾಫಿ ಲೋಟದಷ್ಟು ಬೆಚ್ಚಗಾಗುತ್ತಿತ್ತು. ಹೇಳಿದರೆ ನಿಂತುಹೋದೀತೆಂದು ನಾನು ಯಾರಿಗೂ ಹೇಳಲಿಲ್ಲ.

ನಾಲ್ಕು ವಾರ ತುಂಬಿದ ಭಾನುವಾರ ಆರು ಮೀನು ತಂದೆ. “ಇನ್ನಿಕ್ಕಿ ಸಾಪ್ಪಾಡು ವೇಂಡಾಂ ಮಾ,” ಎಂದು ಅಂಗಡಿಯವನು ತಮಿಳಿನಲ್ಲಿ ಮೊದಲ ದಿನದ ಊಟ ಬೇಡವೆಂದಿದ್ದ. ನಾಲ್ಕಕ್ಕೆ ಗಾಜು ಟಕ್ ಟಕ್ ಎಂದಿತು. ಆರೂ ಮೀನು ಕುರ್ಚಿಯ ಮೂಲೆಗೆ ಓಡಿ ಬಾಯಿ ತೆರೆದವು.

“ಅಂಗಡಿಯೋನು ಬೇಡ ಅಂದಿರ್ಲಿಲ್ವಾ? ಏನೇ ಹಾಕ್ದೆ?” ಎಂದಳು ಅಮ್ಮ.

ನೀರಿನ ಮೇಲೆ ಕಾಫಿಯಲ್ಲಿ ನೆನೆದ ರಸ್ಕಿನ ಚೂರು ತೇಲುತ್ತಿತ್ತು. ಅಜ್ಜಿ ಹೋದಮೇಲೆ ನಮ್ಮ ಮನೆಗೆ ಯಾರೂ ರಸ್ಕ್ ತಂದಿಲ್ಲ.