ಹಾಲುಕ್ಕದ ನಲವತ್ತು ಮನೆಗಳು

ಗದಗಿನ ಮೇಲ್ಸೇತುವೆಯ ಆಚೆ ಬಯಲಿನಲ್ಲಿ ನಲವತ್ತು ಮನೆಗಳು ಬೆಳೆಯುತ್ತಿದ್ದವು. ಹೌದು, ಬೆಳೆಯುತ್ತಿದ್ದವು, ಯಾರೂ ಕಟ್ಟುತ್ತಿರಲಿಲ್ಲ. ಮುಷ್ಟಿಯಷ್ಟು ಮನೆಬೀಜ ಹೂತು ಪಕ್ಕದಲ್ಲಿ ಒಬ್ಬರು ಮಲಗಿದರೆ ಸಾಕು. ಅಣಬೆಯ ಜಾತಿಯ ಆ ಜೀವ ಮಲಗಿದವರ ಮೈಬಿಸಿಯನ್ನು ಗುರುತುಹಿಡಿದು, ಅವರ ಸುತ್ತ ದೋಸೆಹಿಟ್ಟಿನ ಹಾಗೆ ಮೆತ್ತಗೆ ಉಬ್ಬುತ್ತ ಗೋಡೆಯಾಗುತ್ತಿತ್ತು. ವಾರಕ್ಕೆ ಸೂರು ಬರುತ್ತಿತ್ತು. ಬೆಳಗಿನ ಬಿಸಿಲು ಗೋಡೆಯೊಳಗಿಂದಲೇ ಸೋಸಿ ಬಂದಾಗ, ಒಳಗಿದ್ದವರಿಗೆ ಜೇನಿನ ಬಣ್ಣದ ನೀರಿನಲ್ಲಿ ತೇಲಿದ ಹಾಗಾಗುತ್ತಿತ್ತು.

ಈ ಬೀಜಕ್ಕಾಗಿ ಡಾ. ಚಂಪಾ ಹಡಪದ ಹನ್ನೊಂದು ವರ್ಷ ಪ್ರಯೋಗಾಲಯದಲ್ಲೇ ಕಳೆದಿದ್ದಳು. ೨೦೬೪ರಲ್ಲಿ ಮನೆಯಿಲ್ಲದವರಿಗೆಂದು ಕೇಂದ್ರದಿಂದ ಅನುದಾನ ಬಂತು. ಅದೂ ಊರಿಗೊಂದರಂತಲ್ಲ, ಗದಗ, ಹಾವೇರಿ, ಕೊಪ್ಪಳ ಮೂರೂ ಜಿಲ್ಲೆ ಕೂಡಿ ಒಂದೇ ಅರ್ಜಿ ಹಾಕಬೇಕು, ಕೂಡಿಯೇ ದುಡಿಯಬೇಕು. ಸರಕಾರದ ಅನುದಾನ ಅಂದಮೇಲೆ ಷರತ್ತಿಲ್ಲದೆ ಇರುತ್ತದೆಯೇ? ಮಾರ್ಚ್ ಮೂವತ್ತೊಂದರೊಳಗೆ ಗೋಡೆಗಳು ಗಟ್ಟಿಯಾಗಿರಬೇಕು, ಇಲ್ಲವಾದರೆ ಅನುದಾನ ವಾಪಸ್ಸು, ಯೋಜನೆ ಬಂದ್. ಗೋಡೆ ಗಟ್ಟಿಯಾಗಲು ಮನೆಯೊಳಗೆ ಒಮ್ಮೆ ಒಲೆ ಉರಿದರಾಯಿತು. ಬೆಂಕಿಯ ಕಾವು ತಾಗಿದರೆ ಆ ಜೀವ ಬೆಳೆಯುವುದನ್ನು ನಿಲ್ಲಿಸಿ ಕಲ್ಲಾಗುತ್ತದೆ. ತಾಗದಿದ್ದರೆ ಮೊದಲ ಮಳೆಗೇ ಕರಗಿ ಗೊಬ್ಬರ.

ಅವತ್ತು ಮಾರ್ಚ್ ಮೂವತ್ತು. ನಲವತ್ತರಲ್ಲಿ ಒಂದು ಮನೆಯೂ ಗಟ್ಟಿಯಾಗಿರಲಿಲ್ಲ.

"ನಾಳೆ ಸಂಜಿ ಐದಕ್ಕ ವರದಿ ಕಳಸಬೇಕ್ರಿ ಮೇಡಂ," ಅಂದರು ಯೋಜನೆಯ ಅಧಿಕಾರಿ ನದಾಫ್. "ಒತ್ತಿದ್ರ ಬೆರಳು ಒಳಗ ಹೋಗತೈತಿ. ಗಟ್ಟಿ ಅಂತ ಹೆಂಗ ಬರೀಲಿ?"

ಚಂಪಾ ಮೊದಲನೆಯ ಮನೆಗೆ ಓಡಿದಳು. ಇಪ್ಪತ್ತು ವರ್ಷ ಸೇತುವೆಯ ಕೆಳಗೆ ಮಲಗಿದ್ದ ಫಕೀರವ್ವನ ಮನೆ ಅದು. ನಿಲ್ಲಿಸುವ ಬೆಂಕಿ ಸಿಗದೆ ಮನೆ ಬೆಳೆದೂ ಬೆಳೆದು ಮೂರು ಕೋಣೆಯಾಗಿತ್ತು. ಮೂಲೆಯಲ್ಲಿ ಸರಕಾರ ಕೊಟ್ಟ ಹೊಸ ಒಲೆ. ಅದರ ಪ್ಲಾಸ್ಟಿಕ್ಕನ್ನೂ ಬಿಚ್ಚಿರಲಿಲ್ಲ.

"ಒಲಿ ಯಾಕ ಹಚ್ಚಿಲ್ಲಬೇ ಅಜ್ಜಿ?"

"ಸುಮ್ಮ ಹೆಂಗ ಹಚ್ಚಲಿ ಡಾಕ್ಟರವ್ವ? ಹೊಸ ಮನಿ, ಮೊದಲ ಹಾಲು ಉಕ್ಕಿಸಬೇಕು. ಅದಕ್ಕ ನಾಕ ಮಂದೀನ ಕರೀಬೇಕು. ನನಗ ಯಾರದಾರ? ಇಲ್ಲಿ ಎಲ್ಲಾರದೂ ಇದ ಕತಿ."

ಚಂಪಾ ಹಣೆ ಚಚ್ಚಿಕೊಂಡಳು. ‘ಒಲೆ ಹೊತ್ತಿಸಿ’ ಎಂದು ಸೂಚನೆಯ ಹಾಳೆಯಲ್ಲಿ ಒಂದೇ ಸಾಲು ಬರೆದು ಕೈತೊಳೆದುಕೊಂಡಿದ್ದಳು. ಈ ಊರಿನಲ್ಲೇ ಹುಟ್ಟಿ ಬೆಳೆದವಳಿಗೆ ಇಷ್ಟು ಹೊಳೆಯಬಾರದಿತ್ತೇ!

"ನಾ ಬಂದೀನಲ್ಲ. ನದಾಫ್ ಸಾಹೇಬ್ರೂ ಬಂದಾರ."

"ನೀವು ಕೆಲಸಕ್ಕ ಬಂದವರು. ಕರದಾಗ ಬರೂದ ಬ್ಯಾರೆ." ಅಜ್ಜಿ ಅವಳ ಮುಖ ನೋಡಿದಳು. "ನಿಮ್ಮ ಮನ್ಯಾಗ ಹಾಲು ಉಕ್ಕಿಸಿದಾಗ ಯಾರ್ಯಾರು ಬಂದಿದ್ರು?"

ಆರನೆಯ ಮಹಡಿಯ ತನ್ನ ಮನೆ ಚಂಪಾಳ ಕಣ್ಣಮುಂದೆ ಬಂತು. ಬೀಗದ ಕೈ ತಗೊಂಡ ದಿನ ಒಬ್ಬಳೇ ಚಹಾ ಕುಡಿದು ಮಲಗಿದ್ದಳು.

"ಯಾರೂ ಇಲ್ಲ. ನಾ ಉಕ್ಕಿಸಲೇ ಇಲ್ಲ."

"ಅಯ್ಯ ಶಿವನ! ಇಷ್ಟು ವರ್ಷ ಹಾಲುಕ್ಕದ ಮನ್ಯಾಗ ಮಲಗೀ ಏನವ್ವ?" ಫಕೀರವ್ವ ಅವಳ ಕೈ ಹಿಡಿದುಕೊಂಡಳು. ಚಂಪಾಗೆ ಅಳು ಬಂದುಬಿಟ್ಟಿತು. ಕಣ್ಣೊರೆಸಿಕೊಂಡು ಕೇಳಿದಳು: "ಬಾಜೂದವ್ರನ್ನಾದ್ರೂ ಕರೀಬಾರದಾ? ಎಲ್ಲಾರೂ ಒಂದ ಸೇತುವಿ ಕೆಳಗ ಇದ್ದವ್ರಲ್ಲ?"

"ಅವ್ರನ್ನ ಎಲ್ಲಿ ಹೋಗಿ ಕರೀಲಿ? ಕರಿಯೂದಂದ್ರ ಹೊಸ್ತಿಲದಾಗ ನಿಂತು, ಹೆಸರು ಹಿಡದು, ಎಲಿ-ಅಡಿಕಿ ಕೊಟ್ಟು..." ಹೇಳುತ್ತಲೇ ಅಜ್ಜಿ ಬಾಗಿಲಾಚೆ ನೋಡಿದಳು. ಸೇತುವೆಯ ಕೆಳಗೆ ಒಂದೂ ಹೊಸ್ತಿಲಿರಲಿಲ್ಲ; ಈಗ ಹೊರಗೆ ಮೂವತ್ತೊಂಬತ್ತು ಹೊಸ್ತಿಲುಗಳು ಬಿಸಿಲು ಕಾಯಿಸುತ್ತಿದ್ದವು.

ಅಜ್ಜಿ ಎದ್ದಳು. ಪಕ್ಕದ ಮನೆಯವನು ಇಪ್ಪತ್ತು ವರ್ಷ ಸೇತುವೆಯ ಕೆಳಗೆ ಅವಳಿಂದ ಒಂದು ಮಾರು ದೂರದಲ್ಲಿ ಮಲಗಿದ್ದವನು. ಎಲ್ಲರೂ ಅವನನ್ನು ಕುಂಟ ಅಂತಲೇ ಕರೆಯುತ್ತಿದ್ದರು. ಅವನ ಬಾಗಿಲಲ್ಲಿ ನಿಂತ ಮೇಲೆ ಫಕೀರವ್ವನಿಗೆ ಕರೆಯಲು ಹೆಸರೇ ಗೊತ್ತಿಲ್ಲ!

"ನಿನ್ನ ಹೆಸರೇನೋ ತಮ್ಮಾ?"

ಅವನು ಕುಂಟುತ್ತ ಹೊಸ್ತಿಲ ತನಕ ಬಂದ. "ಮೈಲಾರಿ," ಅಂದ.

"ಮೈಲಾರೀ, ನಾಳೆ ನಮ್ಮ ಮನ್ಯಾಗ ಹಾಲು ಉಕ್ಕಸತೀವಿ. ಬರಬೇಕಪಾ."

ಮರುದಿನ ಬೆಳಗಾಗುತ್ತಲೇ ಫಕೀರವ್ವನ ಹಾಲು ಪಾತ್ರೆಯಂಚು ದಾಟಿ ಉಕ್ಕಿತು. ಸುತ್ತಲಿನ ಗೋಡೆಗಳಿಂದ ಹಪ್ಪಳ ಸುಟ್ಟಂಥ ಸಣ್ಣ ಸದ್ದು ಕೇಳಿಬಂತು. ನದಾಫ್ ಬೆರಳೊತ್ತಿದರು, ಒಳಗೆ ಹೋಗಲಿಲ್ಲ. ಜನ ಅಲ್ಲಿಂದ ಮೈಲಾರಿಯ ಮನೆಗೆ ನಡೆದರು, ಅಲ್ಲಿಂದ ಮುಂದಿನದಕ್ಕೆ. ನಲವತ್ತೂ ಮನೆಯ ಸಕ್ಕರೆಹಾಲು ಕುಡಿದ ನದಾಫ್, ಐದಕ್ಕೆ ಹತ್ತು ನಿಮಿಷ ಇರುವಾಗ ಹೊಟ್ಟೆ ಸವರಿಕೊಳ್ಳುತ್ತ ವರದಿ ಕಳಿಸಿದರು. ಮುಂದಿನ ವರ್ಷದ ಅರ್ಜಿಯಲ್ಲಿ ಮೂರೂ ಜಿಲ್ಲೆಯವರು ಹೊಸದೊಂದು ಕಾಲಂ ಸೇರಿಸಿದರು: ‘ಹಾಲುಕ್ಕಿಸಲು ಕರೆಯುವ ನಾಲ್ವರ ಹೆಸರು.’

ವರದಿ ಕಳಿಸಿದ ಸಂಜೆಯೇ ಚಂಪಾ ಅರ್ಧ ಲೀಟರ್ ಹಾಲು ಕೊಂಡಳು. ಎಲೆ-ಅಡಿಕೆ ಹಿಡಿದು ಮೊದಲನೆಯ ಮನೆಯ ಹೊಸ್ತಿಲಲ್ಲಿ ನಿಂತು, "ಫಕೀರವ್ವಾ..." ಎಂದು ಕೂಗಿದಳು.

ಇದೆಲ್ಲ ಮುಂದಿನ ಕಾಲದ ಕತೆ, ಮನೆಬೀಜ ಮೊಳೆಯಲು ಇನ್ನೂ ಬಹಳ ವರ್ಷ ಬೇಕು. ಆದರೆ ಇವತ್ತು ಬಸ್ಸು ಹತ್ತುವ ಅವಸರದಲ್ಲಿ ನಾವು ದಾಟಿ ಬಂದೆವಲ್ಲ, ಬೆಂಚಿನ ಮೇಲೆ ಗಂಟನ್ನು ತಲೆಗಿಟ್ಟು ಮಲಗಿದ್ದ ಆ ಅಜ್ಜಿ, ಅವಳ ಹೆಸರೇನು?