ಬಲಗಡೆಯ ಕೊನೆಯ ಲೇನ್

"ಎರಡೂ ಕೈ ಮುಂದೆ ಚಾಚಿ. ಹೆಬ್ಬೆರಳು, ತೋರುಬೆರಳು ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡ್ಕೊಳ್ಳಿ. ಅದರೊಳಗಿಂದ ನನ್ನ ಮೂಗು ನೋಡಿ. ಎರಡೂ ಕಣ್ಣು ತೆಗೆದೇ ಇರ್ಲಿ."

ಶೂಟಿಂಗ್ ಕಲಿಯಲು ಬಂದವರಿಗೆ ಅವಳ ಮೊದಲ ಪಾಠ ಯಾವತ್ತೂ ಇದೇ. ಪಿಸ್ತೂಲಿನ ಮಾತು ಆಮೇಲೆ. ಎದುರಿಗೆ ನಿಂತ ಕೋಚ್‌ಗೆ ಕಿಂಡಿಯೊಳಗೆ ಯಾವ ಕಣ್ಣು ಕಾಣುತ್ತದೋ, ಗುರಿ ಹಿಡಿಯುವ ಕಣ್ಣು ಅದು. ಈ ರೇಂಜಿನಲ್ಲಿ ಅವಳು ಎಂತೆಂಥ ಕಣ್ಣುಗಳನ್ನು ನೋಡಿದ್ದಳು! ಹೆದರಿದ ಕಣ್ಣು, ಜಂಬದ ಕಣ್ಣು, ಹೆಂಡತಿಯ ಬಲವಂತಕ್ಕೆ ಬಂದ ಕಣ್ಣು. ಒಂದಕ್ಕೂ ಅವಳ ಎದೆಬಡಿತ ತಪ್ಪಿರಲಿಲ್ಲ.

ಸಾಲಿನ ಕೊನೆಯವನು ದಪ್ಪ ಗಾಜಿನ ಕನ್ನಡಕ ಹಾಕಿದ್ದ. ಸೋಡಾಬುಡ್ಡಿ ಎಂದು ಅವಳು ಮನಸ್ಸಿನಲ್ಲೇ ಹೆಸರಿಟ್ಟಳು.

"ಮೂಗು ನೋಡಿ ಅಂದೆ."

"ಮೂಗೇ ನೋಡ್ತಿದ್ದೀನಿ ಮೇಡಂ."

"ಸುಳ್ಳು. ಕಣ್ಣು ನೋಡ್ತಿದ್ದೀರ."

"ಹಾಳು ಅಭ್ಯಾಸ. ಕಣ್ಣಾಸ್ಪತ್ರೇಲಿ ಕೆಲಸ ನಂದು, ದಿನವಿಡೀ ಕಣ್ಣು ಪರೀಕ್ಷೆ."

ಕಿಂಡಿಯೊಳಗೆ ಅವನ ಎಡಗಣ್ಣು ತುಂಟತನದಿಂದ ಹೊಳೆಯುತ್ತಿತ್ತು. ಅವಳ ತುಟಿಯಂಚಿಗೂ ನಗು ಬಂದಿತ್ತು, ಆದರೆ ಅಷ್ಟರಲ್ಲಿ ಆ ಹೊಳಪು ಆರಿತು. ಅವನು ಕೈ ಇಳಿಸಿ ಅರ್ಧ ಹೆಜ್ಜೆ ಹತ್ತಿರ ಬಂದ.

"ನಿಮ್ಮ ಬಲಗಣ್ಣಲ್ಲಿ ಪೊರೆ ಇದೆ," ಎಂದ, ಅವಳಿಗೆ ಮಾತ್ರ ಕೇಳಿಸುವಂತೆ. "ಚೆನ್ನಾಗೇ ಬಲಿತಿದೆ. ಆ ಕಡೆ ಏನೂ ಕಾಣಿಸ್ತಿಲ್ಲ ಅಲ್ವಾ?"

ಅವಳ ಎದೆ ಧಸಕ್ಕೆಂದಿತು. ಕಣ್ಣು ತಾನಾಗಿ ಮೇಲಿನ ಗಾಜಿನ ಕೋಣೆಯತ್ತ ಹೋಯಿತು. ಅಲ್ಲಿ ಸೋದರತ್ತೆ ಕೂತಿದ್ದಳು. ಈ ರೇಂಜ್ ಕಟ್ಟಿದವಳು ಅವಳು. ತಾಯಿಯಿಲ್ಲದ ಸೋದರಸೊಸೆಯನ್ನು ಇಲ್ಲೇ ಸಾಕಿ, ಇಲ್ಲೇ ಕಲಿಸಿ, ಇನ್ನೇನು ಇದನ್ನೆಲ್ಲ ಅವಳ ಕೈಗೊಪ್ಪಿಸುವವಳಿದ್ದಳು. ಒಂದು ವಿಷಯದಲ್ಲಿ ಮಾತ್ರ ಅತ್ತೆಯದು ಕಲ್ಲಿನ ಮನಸ್ಸು. ಕೈಯೋ ಕಣ್ಣೋ ನೆಟ್ಟಗಿಲ್ಲದವರು, ಗುಂಡು ಹಾರಿಸಲು ನಿಲ್ಲುವ ಕೆಂಪು ಗೆರೆಯ ಹತ್ತಿರ ಬರುವಂತಿಲ್ಲ. ಸ್ವಂತ ತಮ್ಮನನ್ನೇ, ಅಂದರೆ ಇವಳ ಅಪ್ಪನನ್ನೇ, ಕೈ ನಡುಗಿದ ದಿನ ಗೆರೆಯಿಂದ ಆಚೆ ಕಳಿಸಿದ ಹೆಂಗಸು.

"ಇಲ್ಲಿ ಕಣ್ಣು ಪರೀಕ್ಷೆ ಮಾಡೋದು ನಾನು," ಎಂದು ಅವಳು ಗಟ್ಟಿಯಾಗಿ ಹೇಳಿದಳು. "ನಿಮ್ದು ಎಡಗಣ್ಣು. ಹಿಂದೆ ಹೋಗಿ."

ಕ್ಲಾಸ್ ಮುಗಿದ ಮೇಲೆ, ಎಣ್ಣೆಯ ವಾಸನೆ ತುಂಬಿದ ಕ್ಲೀನಿಂಗ್ ರೂಮಿನ ಬಾಗಿಲಲ್ಲಿ ಅವನನ್ನು ಅಡ್ಡಗಟ್ಟಿದಳು.

"ಅತ್ತೆಗೆ ಹೇಳ್ತೀರಾ?"

"ಕಣ್ಣಿಗೆ ಏಟು ಬಿದ್ದಿತ್ತಾ?"

"ಖಾಲಿ ಕಾಡತೂಸು ಹಾರಿ ಬಡಿದಿತ್ತು. ಆಗ ಏನೂ ಅನ್ನಿಸ್ಲಿಲ್ಲ. ನಾನು ಕೇಳಿದ್ದಕ್ಕೆ ಉತ್ತರ ಹೇಳಿ."

"ಹೇಳಬೇಕಾದವರು ನೀವು. ಈ ಬ್ಯಾಚ್ ಮುಗಿಯೋದ್ರೊಳಗೆ ಹೇಳಿ. ಇಲ್ಲಾಂದ್ರೆ ನಾನು ಸುಮ್ನಿರಲ್ಲ."

"ಬೇರೆಯವರ ವಿಷಯದಲ್ಲಿ ಮೂಗು ತೂರಿಸೋಕೆ ಫೀಸು ಕಟ್ಟಿದ್ದೀರಾ?"

"ಹೆದರಿಕೆ ಹೋಗ್ಲಿ ಅಂತ ಕಟ್ಟಿದ್ದೆ," ಎಂದ ಅವನು ಮೆತ್ತಗೆ. "ಪಟಾಕಿ ಸದ್ದಿಗೂ ಬೆಚ್ಚಿಬೀಳೋನು ನಾನು. ಈಗ ನೋಡಿ, ಹೆದರಿಕೆ ಇನ್ನೂ ಜಾಸ್ತಿ ಆಯ್ತು."

ಅವನು ಇನ್ನು ಬರಲಾರ ಎಂದುಕೊಂಡಳು. ಬಂದ. ಪ್ರತಿ ಕ್ಲಾಸಿಗೂ ಎಲ್ಲರಿಗಿಂತ ಮೊದಲು ಬಂದು, ಅವಳ ಬಲಗಡೆಗೆ ಬೀಳುವ ಕೊನೆಯ ಲೇನ್ ಹಿಡಿದು ನಿಂತ. ಅವಳಿಗೆ ಮೈ ಉರಿಯುತ್ತಿತ್ತು. ಮೊಣಕೈ ಸರಿಮಾಡಲು ಹತ್ತಿರ ಹೋದಾಗ ಅದೇ ಮೈ ಬೇರೆ ಥರ ಬಿಸಿಯಾಗುತ್ತಿತ್ತು, ಅದನ್ನು ಮಾತ್ರ ಅವಳು ಒಪ್ಪಿಕೊಳ್ಳಲು ತಯಾರಿರಲಿಲ್ಲ.

"ಉಸಿರು ಅರ್ಧ ಬಿಟ್ಟು ಹಿಡೀರಿ."

"ನೀವು ಪಕ್ಕದಲ್ಲಿ ನಿಂತ್ರೆ ಪೂರ್ತಿ ನಿಂತೇ ಹೋಗುತ್ತೆ."

"ಬಾಯಿ ಮುಚ್ಕೊಂಡು ಟಾರ್ಗೆಟ್ ನೋಡಿ."

ಅವನ ಟಾರ್ಗೆಟ್ ಕಾಗದ ಮಾತ್ರ ದಿನವೂ ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಇರುತ್ತಿತ್ತು. ಒಂದು ತೂತಿಲ್ಲ. ಒಂದು ದಿನ ಅದನ್ನು ಅವನ ಮುಂದೆಯೇ ಹಿಡಿದಳು.

"ಕಲಿಯೋಕೆ ಬರ್ತೀರೋ, ಕಾವಲು ಕಾಯೋಕೋ?"

ಅವನು ಸದ್ದು ತಡೆಯುವ ಕಿವಿಯ ಮಫ್ ಕಳಚಿದ. "ನಿಮ್ಮ ಬಲಗಡೆ ಯಾರಾದ್ರೂ ಪಿಸ್ತೂಲು ಹಿಡ್ಕೊಂಡು ತಿರುಗಿದ್ರೆ ನಿಮಗೆ ಕಾಣಲ್ಲ. ಅದಕ್ಕೇ ನಾನು ನೋಡ್ತಿರ್ತೀನಿ. ಎರಡು ಕಡೆ ನೋಡೋಕೆ ನನಗೆ ಬರಲ್ಲ."

ಇಷ್ಟು ದಿನ ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದು ಅವಳ ತಪ್ಪನ್ನಲ್ಲ, ಅವಳನ್ನು. ಅವನ ಭುಜಕ್ಕೆ ತಲೆಯಾನಿಸಬೇಕೆನಿಸಿತು. ಜೊತೆಗೇ ನಾಚಿಕೆಯಿಂದ ಸಾಯುವಂತಾಯಿತು. ಊರಿಗೆಲ್ಲ ಗುರಿ ಕಲಿಸುವವಳಿಗೆ, ಒಂದು ಗುಂಡೂ ನೆಟ್ಟಗೆ ಹೊಡೆಯಲಾರದವನ ಕಾವಲು! ಕೊನೆಗೆ ಗೆದ್ದದ್ದು ನಾಚಿಕೆಯೇ.

ಮುಂದಿನ ಕ್ಲಾಸಿನಲ್ಲಿ ಅವಳು ಅವನಿಗೆ ಎಡಗಡೆಯ ಕೊನೆಯ ಲೇನ್ ತೋರಿಸಿದಳು.

"ಬೇಡ ಮೇಡಂ. ದಯವಿಟ್ಟು."

"ಇಲ್ಲಿ ಲೇನ್ ಕೊಡೋದು ನಾನು."

ಬಲಗಡೆಗೆ ಅದೇ ಬ್ಯಾಚಿನ ಬೇಕರಿ ಅಕ್ಕ ಬಂದಳು. ಕೇಕಿನ ಮೇಲೆ ಹೂ ಬಿಡಿಸುವ ನಯದ ಕೈ ಅವಳದು, ಗುಂಡಿನ ಸದ್ದಿಗೆ ಕಿಟಾರನೆ ಕಿರುಚಿ ಆಮೇಲೆ ತಾನೇ ನಗುವ ಜೀವ. ಎಲ್ಲರೂ ಮಫ್ ಹಾಕಿಕೊಂಡರು. ಕೋಚ್ ಗೆರೆಯ ಹಿಂದೆ ನಿಂತು ಕೈ ಇಳಿಸಿದಳು. ಗುಂಡುಗಳು ಹಾರತೊಡಗಿದವು.

ಬೇಕರಿ ಅಕ್ಕನ ಪಿಸ್ತೂಲು ಹಾರಲಿಲ್ಲ. ಅವಳು ಮತ್ತೆ ಒತ್ತಿದಳು, ಆಗಲೂ ಇಲ್ಲ. ಹೊಸಬರೆಲ್ಲ ಮಾಡುವ ತಪ್ಪನ್ನೇ ಅವಳೂ ಮಾಡಿದಳು. ಬೆರಳು ಟ್ರಿಗರ್ ಮೇಲಿದ್ದಂತೆಯೇ, ಪಿಸ್ತೂಲಿನ ಸಮೇತ, ಕೇಳಲೆಂದು ಹಿಂದಕ್ಕೆ ತಿರುಗಿದಳು.

"ಮೇಡಂ, ಇದು ಹಾರ್ತಾನೇ ಇಲ್ಲ…"

ಕೋಚ್‌ಗೆ ಅದು ಕಾಣಲೂ ಇಲ್ಲ, ಕೇಳಲೂ ಇಲ್ಲ.

"ಸ್ಟಾಪ್!"

ಎಡಗಡೆಯ ತುದಿಯಿಂದ ಬಂದ ಆ ಕೂಗು ಮಫ್ ಸೀಳಿ ಒಳಗೆ ಬಂತು. ಅವಳು ತನಗೆ ಕಾಣದ ಬಲಗಡೆಗೆ ಇಡೀ ಕತ್ತು ಹೊರಳಿಸಿದಳು. ಪಿಸ್ತೂಲಿನ ಬಾಯಿ ಅವಳ ಹೊಟ್ಟೆಯ ಹತ್ತಿರವಿತ್ತು. ಯೋಚಿಸಲು ಹೊತ್ತಿರಲಿಲ್ಲ. ಬೇಕರಿ ಅಕ್ಕನ ಮಣಿಕಟ್ಟು ಹಿಡಿದು ಟಾರ್ಗೆಟ್ ಕಡೆಗೆ ತಳ್ಳಿದಳು. ಆ ಎಳೆದಾಟದಲ್ಲಿ ಬೆರಳು ಇನ್ನೊಮ್ಮೆ ಒತ್ತಿತು. ಈ ಸಲ ಗುಂಡು ಹಾರಿ, ಎದುರಿನ ಮರಳುದಿಣ್ಣೆಯಿಂದ ಧೂಳೆಬ್ಬಿಸಿತು.

ಬೇಕರಿ ಅಕ್ಕ ಕುಸಿದು ಕೂತು ಅಳತೊಡಗಿದಳು. ಅತ್ತೆ ಮೆಟ್ಟಿಲಿಳಿದು ದಡದಡನೆ ಬಂದಳು.

"ಬುದ್ಧಿ ಇದೆಯೇನ್ರೀ? ಮೊದಲ ದಿನವೇ ಹೇಳಿಕೊಟ್ಟಿದ್ದಲ್ವಾ, ತಿರುಗಬಾರದು ಅಂತ? ನಾಳೆಯಿಂದ ಬರಬೇಡಿ!"

"ನಂದೇ ತಪ್ಪು, ನಂದೇ ತಪ್ಪು," ಎಂದು ಬೇಕರಿ ಅಕ್ಕ ಬಿಕ್ಕಿದಳು.

ಸುಮ್ಮನಿದ್ದುಬಿಟ್ಟರೆ ಸಾಕಿತ್ತು. ಎಲ್ಲ ಮುಗಿದುಹೋಗುತ್ತಿತ್ತು, ರೇಂಜ್ ಅವಳದಾಗುತ್ತಿತ್ತು. ಕೋಚ್ ಎಡಕ್ಕೆ ನೋಡಿದಳು. ಅವನು ಬಿಳಿಚಿಕೊಂಡು ನಿಂತಿದ್ದ. ಹೇಳು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ತುಟಿ ಕಚ್ಚಿಕೊಂಡು ಅವಳನ್ನೇ ನೋಡುತ್ತಿದ್ದ.

"ಅತ್ತೆ, ಅವರನ್ನ ಬೈಬೇಡಿ. ಅವರು ತಿರುಗಿದಾಗಲೇ ನಾನು ಹಿಡೀಬೇಕಿತ್ತು. ನನಗೆ ಬಲಗಣ್ಣು ಕಾಣಿಸ್ತಿಲ್ಲ. ತುಂಬ ದಿನದಿಂದ. ನಿಮ್ಮಿಂದ ಮುಚ್ಚಿಟ್ಟಿದ್ದೆ."

ಅತ್ತೆ ಅವಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಆ ಕೈ ನಡುಗುತ್ತಿತ್ತು.

"ರೇಂಜಿನ ಕೀ ಇಲ್ಲಿ ಕೊಡು," ಎಂದಳು ಅತ್ತೆ. "ಕಣ್ಣು ತೋರಿಸ್ಕೊಂಡು ಬಾ. ಅಲ್ಲೀತನಕ ಈ ಗೆರೆ ಹತ್ತಿರ ಬರಬೇಡ." ಆಮೇಲೆ ಬೇಕರಿ ಅಕ್ಕನನ್ನು ತಾನೇ ಕೈಹಿಡಿದು ಎಬ್ಬಿಸಿದಳು.

ಹೊರಗೆ ಗೇಟಿನ ಬಳಿ ಅವಳು ತನ್ನ ಸ್ಕೂಟರಿಗೆ ಒರಗಿ ನಿಂತಿದ್ದಳು. ಅವನು ಓಡಿಬಂದ.

"ನಿಮ್ಮ ಆಸ್ಪತ್ರೆಗೆ ನಡೀರಿ," ಎಂದಳು. "ಈಗಲೇ ನೋಡಿ ಹೇಳಿಬಿಡಿ."

"ನಾನು ನೋಡಲ್ಲ."

"ಮೊದಲ ದಿನ ಕೇಳದೇನೇ ನೋಡಿದ್ರಲ್ಲ?"

"ಆಗ ನೀವು ಬರೀ ಕೋಚ್ ಆಗಿದ್ರಿ." ಅವನು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ತೆಗೆದ. "ಈಗ ನಿಮಗೆ ಚಾರ್ಟ್ ಓದ್ಸಿದ್ರೆ, ನೀವು ತಪ್ಪು ಓದಿದ್ರೂ ಸರಿ ಅಂದ್ಬಿಡ್ತೀನಿ. ಅಷ್ಟು ಕೆಟ್ಟಿದ್ದೀನಿ. ನಮ್ಮ ದೊಡ್ಡ ಡಾಕ್ಟರಮ್ಮ ನೋಡ್ಲಿ. ನಾನು ಹೊರಗೆ ಬೆಂಚಿನ ಮೇಲೆ ಕೂತಿರ್ತೀನಿ."

"ಇದಕ್ಕೆ ಏನಂತಾರೆ ಗೊತ್ತಾ?"

"ಗೊತ್ತು. ಪ್ರೀತಿ ಅಂತಾರೆ."

ಅವಳು ಅವನ ಕೈಯಿಂದ ಕನ್ನಡಕ ತೆಗೆದು ಅವನ ಮೂಗಿಗೇರಿಸಿದಳು. "ಆಪರೇಷನ್ ಆದ್ಮೇಲೂ ಕಾಣದೇ ಹೋದ್ರೆ?"

"ಕಂಡೇ ಕಾಣುತ್ತೆ ಅಂತ ಮಾತು ಕೊಡೋಕಾಗಲ್ಲ. ಏಟಿನ ಪೊರೆ ಅದು. ಕಾಣದಿದ್ರೂ ನಾನು ಆ ಬೆಂಚಿಂದ ಎದ್ದು ಹೋಗಲ್ಲ."

ಅವಳು ಸ್ಕೂಟರಿನ ಕೀ ಅವನ ಅಂಗೈಯಲ್ಲಿಟ್ಟಳು.

"ನೀವೇ ಓಡ್ಸಿ. ಬಲಕ್ಕೆ ತಿರುಗೋಕೆ ನನಗೆ ಧೈರ್ಯ ಇಲ್ಲ. ದಿನಾ ಎಡಕ್ಕೆ, ಎಡಕ್ಕೆ, ಮತ್ತೆ ಎಡಕ್ಕೆ ತಿರುಗಿ, ಊರೆಲ್ಲ ಸುತ್ತಿ ಮನೆ ಸೇರ್ತೀನಿ. ಅತ್ತೆ ಕೇಳಿದ್ರೆ ಪೆಟ್ರೋಲ್ ಬಂಕಲ್ಲಿ ಕ್ಯೂ ಇತ್ತು ಅಂತೀನಿ."

ಹೇಳುತ್ತ ನಕ್ಕಳು. ನಗುತ್ತಲೇ ಅಳು ಬಂತು. ಅವನು ನಗಲಿಲ್ಲ. ಬೆರಳಿನ ಹಿಂಬದಿಯಿಂದ ಅವಳ ಕೆನ್ನೆ ಒರೆಸಿ, ಗಾಡಿ ಸ್ಟಾರ್ಟ್ ಮಾಡಿದ. ಅವಳು ಹಿಂದೆ ಕೂತು ಅವನ ಬೆನ್ನಿಗೆ ಹಣೆ ಆನಿಸಿ, ಎರಡೂ ಕಣ್ಣು ಮುಚ್ಚಿಕೊಂಡಳು.

ಗೇಟು ದಾಟಿದ ಮೇಲೆ ಗಾಡಿ ಬಲಕ್ಕೆ ತಿರುಗಿತು.